ಎರಡು ರಣಹದ್ದುಗಳನ್ನು ಮುಂದಿಟ್ಟುಕೊಂಡು ಐಯುಸಿಎನ್ ಕೆಂಪು ಪಟ್ಟಿ ಜಾಲತಾಣದ ವಿಮರ್ಶೆ

ರಾಮನಗರದ ರಾಮದೇವರ ಬೆಟ್ಟದಲ್ಲಿ ಎರಡು ಬಗೆಯ ರಣಹದ್ದುಗಳು ಕಾಣಸಿಗುತ್ತವೆ. ಬಂಡೆಯ ಚಾಚಿನಲ್ಲಿ ಗೂಡು ಮಾಡುವ ದೊಡ್ಡ ಗಾತ್ರದ ಉದ್ದಕೊಕ್ಕಿನ ರಣಹದ್ದು ಒಂದು. ಹಳದಿ ಮುಖದ, ಚಿಕ್ಕ ಗಾತ್ರದ ಬಿಳಿ ರಣಹದ್ದು ಇನ್ನೊಂದು. ಬೆಟ್ಟಕ್ಕೆ 2012ರಲ್ಲಿ ರಣಹದ್ದು ಅಭಯಧಾಮದ ಪಟ್ಟ ಸಿಕ್ಕಿದೆ. ಈ ಎರಡು ಹಕ್ಕಿಗಳು ಯಾವ ಗುಂಪಿಗೆ ಸೇರಿದವು, ಎಷ್ಟು ಅಪಾಯದಲ್ಲಿವೆ ಎಂದು ಹೋಲಿಸಿ ಒಂದು ಪುಟ ಬರೆಯಬೇಕಾಗಿ ಬಂದರೆ ಬಹುತೇಕರು ಮೊದಲು ತೆರೆಯುವುದು ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯ ಜಾಲತಾಣವನ್ನು. ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರವಿದೆ ಎಂದು ವರ್ಗ ಮಾಡಿಟ್ಟ ಪಟ್ಟಿ ಅದು. ಕಾಲೇಜಿನ ಪ್ರಾಜೆಕ್ಟ್ ಮಾಡುವವರೂ ಅದನ್ನೇ ತೆರೆಯುತ್ತಾರೆ, ಗಾಳಿಯಂತ್ರ ಯೋಜನೆಗೆ ಪರಿಸರ ವರದಿ ಬರೆಯುವವರೂ ಅದನ್ನೇ ತೆರೆಯುತ್ತಾರೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಂರಕ್ಷಣಾ ಸ್ಥಿತಿಗೆ ಐದರಲ್ಲಿ ನಾಲ್ಕೂವರೆ ಅಂಕ. ವರ್ಗೀಕರಣಕ್ಕೆ ಎರಡೇ ಅಂಕ. ಎರಡು ಪ್ರಭೇದಗಳನ್ನು ಪಕ್ಕಪಕ್ಕ ತೋರಿಸುವ ಸೌಲಭ್ಯಕ್ಕೆ ಸೊನ್ನೆ, ಏಕೆಂದರೆ ಅಂಥದ್ದೊಂದು ಅಲ್ಲಿ ಇಲ್ಲವೇ ಇಲ್ಲ. ಎರಡು ಟ್ಯಾಬ್ ತೆರೆದು ಕಣ್ಣಾಡಿಸುವ ಕೆಲಸ ನಿಮ್ಮದೇ.

ಹುಡುಕುವಾಗ ವೈಜ್ಞಾನಿಕ ಹೆಸರನ್ನೇ ಹಾಕಿ: ಉದ್ದಕೊಕ್ಕಿನದಕ್ಕೆ ಜಿಪ್ಸ್ ಇಂಡಿಕಸ್, ಬಿಳಿಯದಕ್ಕೆ ನಿಯೋಫ್ರಾನ್ ಪರ್ಕ್ನಾಪ್ಟರಸ್. ಬರೀ ವಲ್ಚರ್ ಎಂದು ಹುಡುಕಿದರೆ ಅಮೆರಿಕ ಖಂಡಗಳ ಟರ್ಕಿ ವಲ್ಚರ್, ಬ್ಲ್ಯಾಕ್ ವಲ್ಚರ್‌ಗಳೂ ಸಾಲುಗಟ್ಟುತ್ತವೆ. ಅವು ಬೇರೆಯೇ ಕುಟುಂಬದವು. ಕನ್ನಡದ ಹೆಸರು ನೆಚ್ಚಿಕೊಂಡರೆ ಇನ್ನೊಂದು ತೊಡಕಿದೆ. ಬಿಳಿ ರಣಹದ್ದು ಬೇರೆ, ಬಿಳಿಬೆನ್ನಿನ ರಣಹದ್ದು ಬೇರೆ. ಎರಡನೆಯದು ಜಿಪ್ಸ್ ಬೆಂಗಾಲೆನ್ಸಿಸ್. ಪತ್ರಿಕೆಗಳ ಸುದ್ದಿಯಲ್ಲಿ ಒಂದರ ಅಂಕಿ ಇನ್ನೊಂದಕ್ಕೆ ಅಂಟಿಕೊಳ್ಳುವುದು ಇಲ್ಲಿಯೇ.

ಬಿಳಿ ರಣಹದ್ದನ್ನು ಹುಡುಕಿದಾಗ ಮತ್ತೊಂದು ಎಚ್ಚರ ಬೇಕು. ಆ ಹಕ್ಕಿ ಸ್ಪೇನಿನಿಂದ ಭಾರತದವರೆಗೂ ಇದೆ, ಆಫ್ರಿಕದಲ್ಲೂ ಇದೆ. ಹಾಗಾಗಿ ಜಾಗತಿಕ ಮೌಲ್ಯಮಾಪನದ ಜೊತೆಗೆ ಯುರೋಪಿಗೆ ಮಾತ್ರ ಸಂಬಂಧಿಸಿದ ಪ್ರತ್ಯೇಕ ಮೌಲ್ಯಮಾಪನವೂ ಜಾಲತಾಣದಲ್ಲಿದೆ. ಎರಡೂ ಪುಟಗಳು ನೋಡಲು ಒಂದೇ ಥರ. ವ್ಯಾಪ್ತಿ ಜಾಗತಿಕವೋ ಯುರೋಪೋ ಎನ್ನುವ ಸಾಲನ್ನು ಓದದೆ ವರ್ಗವನ್ನು ನಕಲು ಮಾಡಿಕೊಂಡರೆ ರಾಮನಗರದ ಹಕ್ಕಿಗೆ ಯುರೋಪಿನ ಹಣೆಪಟ್ಟಿ ಅಂಟುತ್ತದೆ.

ಈಗ ವರ್ಗೀಕರಣದ ಭಾಗ. ಪುಟದಲ್ಲಿ ಸಾಮ್ರಾಜ್ಯದಿಂದ ಹಿಡಿದು ವಂಶ, ವರ್ಗ, ಗಣ, ಕುಟುಂಬ, ಕುಲದವರೆಗೆ ಒಂದು ಸಾಲು ಸಿಗುತ್ತದೆ. ಎರಡೂ ಹಕ್ಕಿಗಳ ಗಣ ಅಕ್ಸಿಪಿಟ್ರಿಫಾರ್ಮಿಸ್, ಕುಟುಂಬ ಅಕ್ಸಿಪಿಟ್ರಿಡೇ. ಕುಲ ಮಾತ್ರ ಬೇರೆ. ಇದನ್ನು ಓದಿದ ವಿದ್ಯಾರ್ಥಿ ಇವು ಒಂದೇ ಕುಟುಂಬದ ಹತ್ತಿರದ ನೆಂಟರು ಎಂದು ಬರೆದರೆ ತಪ್ಪು ಅವನದಲ್ಲ. ಜಾಲತಾಣ ಉಪಕುಟುಂಬವನ್ನು ತೋರಿಸುವುದೇ ಇಲ್ಲ, ಮತ್ತು ಈ ಜೋಡಿಯ ಸ್ವಾರಸ್ಯವೆಲ್ಲ ಅಲ್ಲೇ ಅಡಗಿದೆ.

ಉದ್ದಕೊಕ್ಕಿನದು ಏಜಿಪಿಯಿನೇ ಉಪಕುಟುಂಬದ್ದು. ಜಿಪ್ಸ್ ಕುಲದಲ್ಲಿ ಎಂಟು ಪ್ರಭೇದಗಳಿವೆ. ಬಿಳಿಬೆನ್ನಿನದು, ಹಿಮಾಲಯದ್ದು, ಯುರೇಷಿಯದ ಗ್ರಿಫನ್ ಎಲ್ಲ ಇದರ ಒಡಹುಟ್ಟುಗಳು. ಬಿಳಿ ರಣಹದ್ದು ಜಿಪಿಯೇಟಿನೇ ಉಪಕುಟುಂಬದ್ದು. ಅದರ ಕುಲದಲ್ಲಿ ಅದೊಂದೇ ಪ್ರಭೇದ. ಹತ್ತಿರದ ಬಂಧುಗಳೆಂದರೆ ಮೂಳೆ ನುಂಗುವ ಗಡ್ಡದ ರಣಹದ್ದು ಮತ್ತು ತಾಳೆಹಣ್ಣು ತಿನ್ನುವ ಆಫ್ರಿಕದ ಒಂದು ಹಕ್ಕಿ. ಹೀದರ್ ಲರ್ನರ್ ಮತ್ತು ಡೇವಿಡ್ ಮಿಂಡೆಲ್ 2005ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನ ಹಳೆಯ ಜಗತ್ತಿನ, ಅಂದರೆ ಏಷ್ಯ, ಯುರೋಪ್, ಆಫ್ರಿಕಗಳ ರಣಹದ್ದುಗಳು ಒಂದೇ ಬೇರಿನಿಂದ ಬಂದವಲ್ಲ ಎಂಬುದನ್ನು ಸ್ಪಷ್ಟವಾಗಿ ತೋರಿಸಿತು. ಬಿಳಿ ರಣಹದ್ದಿನ ಕವಲು ಜೇನುಗಿಡುಗದ ಕವಲಿಗೆ ಹತ್ತಿರ. ಜಿಪ್ಸ್ ಕವಲು ಹಾವುಗಿಡುಗಗಳ ಕಡೆಗೆ ಹತ್ತಿರ. ಅಂದರೆ ಬಂಡೆಯ ಮೇಲೆ ಜೊತೆಯಾಗಿ ಕೂತ ಈ ಎರಡಕ್ಕಿಂತ, ಬಿಳಿ ರಣಹದ್ದು ಮತ್ತು ಹೆಜ್ಜೇನು ಹುಟ್ಟಿಗೆ ನುಗ್ಗುವ ಜೇನುಗಿಡುಗ ಹೆಚ್ಚು ಹತ್ತಿರದ ಸಂಬಂಧಿಗಳು. ಸತ್ತ ಪ್ರಾಣಿ ತಿನ್ನುವ ಬದುಕು ಎರಡು ಸಲ ಬೇರೆಬೇರೆಯಾಗಿ ರೂಪುಗೊಂಡಿದೆ. ಹೋಲಿಕೆಯ ಲೇಖನದಲ್ಲಿ ಇದೊಂದು ಸಾಲು ಇಲ್ಲದಿದ್ದರೆ ವರ್ಗೀಕರಣದ ಭಾಗ ಬರೆದೂ ಬರೆಯದಂತೆ.

ಹೆಸರಿನ ಮುಂದಿನ ಆವರಣ ಚಿಹ್ನೆಗಳನ್ನು ಅಳಿಸಬೇಡಿ. ಉದ್ದಕೊಕ್ಕಿನದಕ್ಕೆ (ಸ್ಕೋಪೋಲಿ, 1786), ಬಿಳಿಯದಕ್ಕೆ (ಲಿನ್ನೇಯಸ್, 1758) ಎಂದಿರುತ್ತದೆ. ಆವರಣ ಇದ್ದರೆ ಹೆಸರಿಟ್ಟವರು ಮೊದಲು ಅದನ್ನು ಬೇರೆ ಕುಲದಲ್ಲಿ ಇಟ್ಟಿದ್ದರು ಎಂದರ್ಥ. ಇಬ್ಬರೂ ಇಟ್ಟದ್ದು ವಲ್ಟುರ್ ಎಂಬ ಒಂದೇ ಕುಲದಲ್ಲಿ. ಚಂದಕ್ಕೆಂದು ಹಾಕಿದ್ದಾರೆಂದು ಆವರಣ ತೆಗೆದುಹಾಕಿದ ಪ್ರಾಜೆಕ್ಟ್ ವರದಿಗಳಿಗೆ ಲೆಕ್ಕವಿಲ್ಲ.

ವರ್ಗೀಕರಣ ತಪ್ಪಿದರೆ ಸಂರಕ್ಷಣೆಯ ಅಂಕಿ ಹೇಗೆ ಕೆಡುತ್ತದೆ ಎನ್ನಲು ಉದ್ದಕೊಕ್ಕಿನದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹಳೆಯ ಪುಸ್ತಕಗಳಲ್ಲಿ ಲಾಂಗ್ ಬಿಲ್ಡ್ ವಲ್ಚರ್ ಎಂದರೆ ಈಗಿನ ಎರಡು ಪ್ರಭೇದಗಳು ಸೇರಿದ್ದವು. ಪಮೇಲಾ ರಾಸ್ಮುಸನ್ ಮತ್ತು ಸೈಮನ್ ಪ್ಯಾರಿ 2001ರಲ್ಲಿ ಅವನ್ನು ಬೇರ್ಪಡಿಸಿದರು. ಗಂಗೆಯ ದಕ್ಷಿಣಕ್ಕೆ ಪರ್ಯಾಯ ದ್ವೀಪದಲ್ಲಿ ಮುಖ್ಯವಾಗಿ ಬಂಡೆಗಳಲ್ಲಿ ಗೂಡು ಮಾಡುವುದು ಜಿಪ್ಸ್ ಇಂಡಿಕಸ್ ಆಗಿಯೇ ಉಳಿಯಿತು. ಹಿಮಾಲಯದ ತಪ್ಪಲು, ಅಸ್ಸಾಂ, ಆಗ್ನೇಯ ಏಷ್ಯದಲ್ಲಿ ಮರದ ಮೇಲೆ ಗೂಡು ಮಾಡುವ, ತೆಳು ಕೊಕ್ಕಿನದು ಜಿಪ್ಸ್ ಟೆನ್ಯುರೋಸ್ಟ್ರಿಸ್ ಆಯಿತು. ಆದರೆ ರಸ್ತೆಬದಿ ಎಣಿಕೆ ಶುರುವಾದದ್ದು 1990ರ ದಶಕದ ಆರಂಭದಲ್ಲಿ, ಎರಡೂ ಒಂದೇ ಹೆಸರಿನಡಿ ಇದ್ದಾಗ. ಎಲ್ಲರೂ ಉಲ್ಲೇಖಿಸುವ ಶೇ 96.8ರ ಕುಸಿತ 1992ರಿಂದ 2007ರವರೆಗಿನದು, ಮತ್ತು ಅದು ಈ ಎರಡೂ ಪ್ರಭೇದಗಳ ಒಟ್ಟು ಲೆಕ್ಕ. ಅದನ್ನು ಉದ್ದಕೊಕ್ಕಿನ ರಣಹದ್ದಿನದೇ ಎಂದು ಬರೆಯುವುದು ಸರಿಯಲ್ಲ. ಅದೇ ಎಣಿಕೆಯ ಶೇ 99.9 ಬಿಳಿಬೆನ್ನಿನದರ ಅಂಕಿ. ಕರ್ನಾಟಕದ ಹಳೆಯ ದಾಖಲೆಗಳ ಮಟ್ಟಿಗೆ ಈ ಗೊಂದಲ ಕಡಿಮೆ, ಏಕೆಂದರೆ ತೆಳುಕೊಕ್ಕಿನದು ದಕ್ಷಿಣದಲ್ಲಿ ಇಲ್ಲ.

ಸಂರಕ್ಷಣಾ ಸ್ಥಿತಿಯ ವಿಷಯಕ್ಕೆ ಬಂದರೆ ಜಾಲತಾಣದ ಕಸುಬು ಕಾಣುತ್ತದೆ. ಉದ್ದಕೊಕ್ಕಿನದು ಗಂಭೀರ ಅಪಾಯದ ವರ್ಗ, ಅಂದರೆ ಸಿಆರ್. ಬಿಳಿಯದು ಅಪಾಯದ ವರ್ಗ, ಇಎನ್. ಇದು ಎಲ್ಲ ಕಡೆಯೂ ಸಿಗುವ ಮಾಹಿತಿ. ಬೇರೆ ಕಡೆ ಸುಲಭವಾಗಿ ಸಿಗದೆ ಇಲ್ಲಿ ಸಿಗುವುದು ವರ್ಗದ ಪಕ್ಕದಲ್ಲಿರುವ ಮಾನದಂಡದ ಸಂಕೇತ. ಅರ್ಥವಾಗದ ಅಕ್ಷರ-ಅಂಕಿಯ ಸರಪಳಿ ಎಂದು ಅದನ್ನು ದಾಟಿ ಹೋಗುವವರೇ ಹೆಚ್ಚು. ಅದನ್ನು ಓದಲು ಬಂದರೆ ಉಳಿದ ಅರ್ಧ ಪುಟ ಓದುವ ಶ್ರಮ ಉಳಿಯುತ್ತದೆ.

ಸಂಕೇತದ ಮೊದಲ ದೊಡ್ಡಕ್ಷರ ಎ ಎಂದಿದ್ದರೆ ಆಧಾರ ಕುಸಿತದ ವೇಗ. ಬಿ ಎಂದರೆ ನೆಲೆಯ ವಿಸ್ತಾರ ಚಿಕ್ಕದು, ಸಿ ಎಂದರೆ ಚಿಕ್ಕ ಸಂಖ್ಯೆ ಜೊತೆಗೆ ಇಳಿಕೆ, ಡಿ ಎಂದರೆ ತೀರಾ ಚಿಕ್ಕ ಸಂಖ್ಯೆ, ಇ ಎಂದರೆ ಗಣಿತದ ಮಾದರಿಯಿಂದ ಅಂದಾಜಿಸಿದ ಅಳಿವಿನ ಸಾಧ್ಯತೆ. ಎ ನಂತರದ ಅಂಕಿ ಯಾವ ಕಾಲದ ಕುಸಿತ ಎಂದು ಹೇಳುತ್ತದೆ: ಎ2 ಕಳೆದ ಕಾಲದ್ದು, ಎ3 ಮುಂದಿನದು, ಎ4 ಎರಡಕ್ಕೂ ಚಾಚಿಕೊಂಡದ್ದು. ಈ ಮೂರರಲ್ಲೂ ಮಿತಿ ಒಂದೇ: ಶೇ 30ರಷ್ಟು ಕುಸಿದರೆ ದುರ್ಬಲ, ಶೇ 50 ದಾಟಿದರೆ ಇಎನ್, ಶೇ 80 ದಾಟಿದರೆ ಸಿಆರ್. ಎ1ಕ್ಕೆ ಮಾತ್ರ ಮಿತಿ ಹೆಚ್ಚು (50, 70, 90), ಏಕೆಂದರೆ ಅಲ್ಲಿ ಕುಸಿತದ ಕಾರಣ ತಿಳಿದು, ನಿಂತು, ಸರಿಪಡಿಸಬಹುದಾದದ್ದು. ಕೊನೆಯ ಸಣ್ಣಕ್ಷರಗಳು ಪುರಾವೆಯ ಬಗೆ ಸೂಚಿಸುತ್ತವೆ: ನೇರ ಎಣಿಕೆಗೆ ಒಂದು, ಸೂಚ್ಯಂಕಕ್ಕೆ ಒಂದು, ನೆಲೆ ಕುಗ್ಗಿದ್ದಕ್ಕೆ ಒಂದು, ಬೇಟೆ ಅಥವಾ ಬಳಕೆಗೆ ಒಂದು. ಸಣ್ಣಕ್ಷರದ ಇ ಇದ್ದರೆ ಪರಕೀಯ ಪ್ರಭೇದ, ರೋಗ ಅಥವಾ ಮಾಲಿನ್ಯಕಾರಕ.

ನಮ್ಮ ಎರಡೂ ಹಕ್ಕಿಗಳ ಸಂಕೇತದಲ್ಲಿ ಎ2 ಇದೆ, ಸಣ್ಣಕ್ಷರದ ಇ ಇದೆ. ಉದ್ದಕೊಕ್ಕಿನದರ ಆ ಒಂದಕ್ಷರದ ಹಿಂದೆ ಇರುವುದು ಡೈಕ್ಲೋಫೆನಾಕ್. ಜಾನುವಾರಿಗೆ ನೋವು ನಿವಾರಕವೆಂದು ಕೊಟ್ಟ ಮದ್ದು, ಸತ್ತ ದನದ ಮಾಂಸದ ಮೂಲಕ ಹಕ್ಕಿಯ ಮೂತ್ರಪಿಂಡ ಕೆಡಿಸುತ್ತದೆ. ಒಳಾಂಗಗಳ ಮೇಲೆ ಯೂರಿಕ್ ಆಮ್ಲ ಬಿಳಿಯಾಗಿ ಹೆಪ್ಪುಗಟ್ಟುತ್ತದೆ. ಪಾಕಿಸ್ತಾನದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಇದನ್ನು ಪತ್ತೆಹಚ್ಚಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಪಶುಚಿಕಿತ್ಸೆಗೆ ಭಾರತ 2006ರಲ್ಲಿ ಅದನ್ನು ನಿಷೇಧಿಸಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಬಾಟಲಿಗಳು ದನಗಳಿಗೆ ಹೋಗುತ್ತಿದ್ದುದರಿಂದ 2015ರಲ್ಲಿ 3 ಮಿ.ಲೀ. ಬಾಟಲಿಗೆ ಮಿತಿ ಹಾಕಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಪಶುಬಳಕೆಗೆ ನಿಷೇಧವಾದವು. ಮೆಲಾಕ್ಸಿಕ್ಯಾಮ್ ಸುರಕ್ಷಿತ ಪರ್ಯಾಯ.

ಬಿಳಿಯದರ ಸಂಕೇತದ ಹಿಂದಿನ ಕಥೆ ಅಷ್ಟು ಸರಳವಲ್ಲ. ಭಾರತದಲ್ಲಿ ಅದೂ ಹೆಣದ ಮೇಲೆ ಇಳಿಯುತ್ತದೆ, ತೀವ್ರವಾಗಿ ಕಡಿಮೆಯೂ ಆಗಿದೆ. ಯುರೋಪ್, ಆಫ್ರಿಕಗಳಲ್ಲಿ ವಿಷದ ಎರೆ, ವಿದ್ಯುತ್ ತಂತಿಯ ಆಘಾತ, ಗಾಳಿಯಂತ್ರ ಎಲ್ಲ ಸೇರಿವೆ. ಸುಡಾನಿನ ಕೆಂಪು ಸಮುದ್ರದ ತೀರದಲ್ಲಿ 1950ರ ದಶಕದಲ್ಲಿ ಹಾಕಿದ ಒಂದು ವಿದ್ಯುತ್ ಮಾರ್ಗ ದಶಕಗಳ ಕಾಲ ಈ ಹಕ್ಕಿಯನ್ನು ಕೊಂದು, ಕೊನೆಗೆ 2014ರಲ್ಲಿ ಸ್ಥಗಿತಗೊಂಡಿತು. ಒಂದೇ ಇಎನ್ ಹಣೆಪಟ್ಟಿಯಡಿ ಇಷ್ಟು ಬೇರೆಬೇರೆ ಸಾವುಗಳಿವೆ. ಆಪತ್ತುಗಳ ವಿಭಾಗವನ್ನು ಓದದೆ ಬರೀ ವರ್ಗವನ್ನು ಹೋಲಿಸಿದರೆ "ಒಂದು ಹೆಚ್ಚು ಅಪಾಯದಲ್ಲಿದೆ, ಇನ್ನೊಂದು ಸ್ವಲ್ಪ ಕಡಿಮೆ" ಎಂಬ ಬಡಕಲು ವಾಕ್ಯ ಮಾತ್ರ ಕೈಗೆ ಬರುತ್ತದೆ.

ಹಿಂದಿನ ಮೌಲ್ಯಮಾಪನಗಳ ಪಟ್ಟಿ ಈ ಪುಟದ ಇನ್ನೊಂದು ಒಳ್ಳೆಯ ಅಂಗ. ಉದ್ದಕೊಕ್ಕಿನದು 2002ರಿಂದ ಸಿಆರ್‌ನಲ್ಲೇ ಇದೆ. ಬಿಳಿಯದು 2004ರವರೆಗೂ ಕಡಿಮೆ ಕಾಳಜಿಯ ವರ್ಗದಲ್ಲಿತ್ತು. 2007ರಲ್ಲಿ ನಡುವಿನ ಎರಡು ಮೆಟ್ಟಿಲು ಹಾರಿ ನೇರವಾಗಿ ಇಎನ್‌ಗೆ ಹೋಯಿತು. ಹಳೆಯ ಪಠ್ಯಪುಸ್ತಕ ನೋಡಿ ಅದನ್ನು ಸಾಮಾನ್ಯ ಹಕ್ಕಿ ಎಂದು ಬರೆಯುವವರು ಎಡವುವುದು ಇಲ್ಲಿ.

ಓದುಗರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಸಂಖ್ಯೆ. ಬಿಎನ್‌ಎಚ್‌ಎಸ್ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ತಂಡದ 2015ರ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಉದ್ದಕೊಕ್ಕಿನವು ಸುಮಾರು 12,000, ಬಿಳಿಬೆನ್ನಿನವು 6,000, ತೆಳುಕೊಕ್ಕಿನವು 1,000. ಹನ್ನೆರಡು ಸಾವಿರ ಇದ್ದರೂ ಗಂಭೀರ ಅಪಾಯವೇ ಎಂದು ಕೇಳುವವರಿದ್ದಾರೆ. ಉತ್ತರ ಮೇಲಿನ ಸಂಕೇತದಲ್ಲೇ ಇದೆ. ಡಿ ಮಾನದಂಡದಲ್ಲಿ ಸಿಆರ್ ಆಗಬೇಕಾದರೆ ಬೆಳೆದ ಹಕ್ಕಿಗಳು 50ಕ್ಕಿಂತ ಕಡಿಮೆ ಇರಬೇಕು; ಉದ್ದಕೊಕ್ಕಿನದು ಆ ದಾರಿಯಿಂದ ಬಂದದ್ದಲ್ಲ, ಎ ದಾರಿಯಿಂದ ಬಂದದ್ದು. ಜೊತೆಗೆ ಎ ಮಾನದಂಡದ ಕಾಲಾವಧಿ ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಉದ್ದವೋ ಅದು. ಉದ್ದಕೊಕ್ಕಿನದು ದೀರ್ಘಾಯುಷಿ, ವರ್ಷಕ್ಕೆ ಒಂದೇ ಮೊಟ್ಟೆ. ಹಾಗಾಗಿ ಆ ಕಿಟಕಿ ಕೆಲವು ದಶಕಗಳಷ್ಟು ಅಗಲ, 1990ರ ದಶಕದ ಕುಸಿತ ಈಗಲೂ ಅದರೊಳಗೆ ಕಾಣುತ್ತದೆ. ಈಚೆಗೆ ಇಳಿಕೆ ನಿಧಾನವಾದರೂ ವರ್ಗ ತಕ್ಷಣ ಬದಲಾಗದು. ಪ್ರಸ್ತುತ ಏನಾಗುತ್ತಿದೆ ಎನ್ನಲು ಸಂಖ್ಯೆಯ ಪ್ರವೃತ್ತಿ ಎಂಬ ಪ್ರತ್ಯೇಕ ಸಾಲಿದೆ. ಎರಡೂ ಹಕ್ಕಿಗೆ ಅದು ಇಳಿಮುಖ ಎಂದೇ ಹೇಳುತ್ತದೆ. ಎಷ್ಟು ವೇಗದಲ್ಲಿ ಎಂದು ಆ ಸಾಲು ಹೇಳುವುದಿಲ್ಲ, ಅದು ಕೊರತೆಯೇ.

ಪ್ರಭೇದದ ಕೆಳಗೆ ಜಾಲತಾಣ ಸಾಮಾನ್ಯವಾಗಿ ಇಳಿಯುವುದಿಲ್ಲ. ಹಕ್ಕಿಗಳ ಮೌಲ್ಯಮಾಪನ ಮಾಡುವುದು ಬರ್ಡ್‌ಲೈಫ್ ಇಂಟರ್‌ನ್ಯಾಷನಲ್, ಪ್ರಭೇದದ ಮಟ್ಟದಲ್ಲಿ. ಬಿಳಿ ರಣಹದ್ದಿಗೆ ಮೂರು ಉಪಪ್ರಭೇದಗಳಿವೆ. ನಮ್ಮದು ಜಿಂಜಿನಿಯಾನಸ್: ತಮಿಳುನಾಡಿನ ಸೆಂಜಿಯ ಹೆಸರು ಹೊತ್ತದ್ದು, ಬೆಳೆದ ಹಕ್ಕಿಯ ಕೊಕ್ಕು ಪೂರ್ತಿ ಹಳದಿ. ಪಶ್ಚಿಮದ ಉಪಪ್ರಭೇದಕ್ಕೆ ಕೊಕ್ಕಿನ ತುದಿ ಕಪ್ಪು. ಮೂರನೆಯದು ಕೆನರಿ ದ್ವೀಪಗಳದ್ದು. ಕರ್ನಾಟಕದ ಹಕ್ಕಿಗೆ ಪ್ರತ್ಯೇಕ ಸ್ಥಿತಿ ಬೇಕೆಂದರೆ ಕೆಂಪು ಪಟ್ಟಿಯಲ್ಲಿ ಅದು ಸಿಗದು. ಸ್ಪೇನಿನಲ್ಲಿ ಹಕ್ಕಿ ಚೇತರಿಸಿಕೊಂಡರೆ ಜಾಗತಿಕ ಪುಟ ಸ್ವಲ್ಪ ಹಗುರಾಗಬಹುದು, ರಾಮನಗರಕ್ಕೆ ಅದರಿಂದ ಬಂದ ಲಾಭ ಏನೂ ಇಲ್ಲ.

ಆ ಜಾಗ ತುಂಬುವುದು ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ಅಂದರೆ ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್. 2023ರ ಆವೃತ್ತಿ 942 ಪ್ರಭೇದಗಳನ್ನು ಪರಿಶೀಲಿಸಿ 178ನ್ನು ಹೆಚ್ಚಿನ ಆದ್ಯತೆಯವು ಎಂದು ಗುರುತಿಸಿತು. 2000ಕ್ಕೆ ಮುಂಚಿನ ಸ್ಥಿತಿಯನ್ನು 100 ಎಂದಿಟ್ಟು ದೀರ್ಘಕಾಲದ ಬದಲಾವಣೆಯನ್ನೂ, 2015ರಿಂದ ಈಚೆಗಿನ ವಾರ್ಷಿಕ ಬದಲಾವಣೆಯನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಕೆಂಪು ಪಟ್ಟಿ ಬಿಟ್ಟ ವೇಗದ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕಬಹುದು. ದೌರ್ಬಲ್ಯ ಇಷ್ಟೇ: ಆಧಾರ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ನಲ್ಲಿ ಹವ್ಯಾಸಿಗಳು ಹಾಕಿದ ಪಟ್ಟಿಗಳು, ಹಿಂದಿನ ಕಾಲದ ಪಟ್ಟಿಗಳು ಕಡಿಮೆ. ರೇಖಾಚಿತ್ರದ ಗೆರೆಯ ಸುತ್ತಲಿನ ಮಸುಕು ಪಟ್ಟಿ ಅಗಲವಾಗಿದ್ದರೆ ಗೆರೆಯನ್ನು ಅಷ್ಟು ನಂಬಬಾರದು.

ವರ್ಗೀಕರಣಕ್ಕೆ ಅವಿಬೇಸ್ ಬಳಸಿ. ಡೆನಿಸ್ ಲೆಪಾಜ್ ನಡೆಸುವ ಈ ಜಾಲತಾಣದ ವಿನ್ಯಾಸ ಹಳೆಯದು, ಕಣ್ಣಿಗೆ ಹಿತವಲ್ಲ. ಆದರೆ ಒಂದೇ ಹೆಸರು ಯಾವ ಪಟ್ಟಿಯಲ್ಲಿ ಯಾವ ಅರ್ಥದಲ್ಲಿದೆ, ಒಡೆಯುವ ಮೊದಲು ಏನಿತ್ತು, ಒಡೆದ ಮೇಲೆ ಏನಾಯಿತು ಎಂಬುದನ್ನು ಬಿಡಿಸಿ ಇಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಇ-ಬರ್ಡ್ ತನ್ನ ಪಟ್ಟಿಯನ್ನು ವರ್ಷಕ್ಕೊಮ್ಮೆ ಬದಲಿಸುತ್ತದೆ. ಕೆಂಪು ಪಟ್ಟಿ ಅನುಸರಿಸಿಕೊಂಡು ಬಂದದ್ದು ಬರ್ಡ್‌ಲೈಫ್‌ನ ಪಟ್ಟಿಯನ್ನು. ಈ ಭಿನ್ನತೆಗಳನ್ನು ಒಂದುಗೂಡಿಸಲೆಂದು ಅವಿಲಿಸ್ಟ್ ಎಂಬ ಏಕೀಕೃತ ಪಟ್ಟಿ 2025ರ ಜೂನ್‌ನಲ್ಲಿ ಹೊರಬಂತು. ನಮ್ಮ ಎರಡು ರಣಹದ್ದುಗಳ ವಿಷಯದಲ್ಲಿ ಪಟ್ಟಿಗಳ ನಡುವೆ ಜಗಳವಿಲ್ಲ. ಬೇರೆ ಜೋಡಿ ಆಯ್ದುಕೊಂಡರೆ ಎರಡೂ ಮಾಹಿತಿಯನ್ನು ಒಂದೇ ಪಟ್ಟಿಯಿಂದ ತೆಗೆಯಬೇಕು.

ನಕ್ಷೆಗಳ ಬಗ್ಗೆ ಒಂದು ಮಾತು. ಕೆಂಪು ಪಟ್ಟಿಯ ನಕ್ಷೆಯಲ್ಲಿ ಬಣ್ಣ ತುಂಬಿದ ಜಾಗವೆಲ್ಲ ಹಕ್ಕಿ ಇರುವ ಜಾಗವಲ್ಲ. ಅದು ಹೊರಗಿನ ಎಲ್ಲೆ. ತಾಲ್ಲೂಕು ಮಟ್ಟದ ನಿರ್ಧಾರಕ್ಕೆ ಅದನ್ನು ಬಳಸಬೇಡಿ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಹಾಕುವ ಮುನ್ನ ಬೇಕಾಗುವುದು ಸ್ಥಳದಲ್ಲೇ ಮಾಡಿದ ಎಣಿಕೆ, ಕನಿಷ್ಠ ಪಕ್ಷ ಇ-ಬರ್ಡ್‌ನ ಬಿಂದುಗಳು. ಆ ಬಿಂದುಗಳಲ್ಲೂ ಬಿಳಿ ರಣಹದ್ದಿನ ಮರಿಗಳು ತಪ್ಪು ಗುರುತಾಗಿರಬಹುದು. ಎಳೆಯ ಹಕ್ಕಿ ಕಡುಕಂದು, ಬಿಳಿಯ ಸುಳಿವೇ ಇರುವುದಿಲ್ಲ. ಹಾರುವಾಗ ಬೆಣೆಯಾಕಾರದ ಬಾಲ ನೋಡಿ ಖಚಿತಪಡಿಸಬೇಕು. ಉದ್ದಕೊಕ್ಕಿನದರ ಬಾಲ ಚಿಕ್ಕದು, ಮೊಂಡು.

ಕಾನೂನಿನ ಕಲಂ ಬೇಕಿದ್ದರೆ ಈ ಯಾವ ಜಾಲತಾಣವನ್ನೂ ಕೊನೆಯ ಮಾತೆಂದು ತೆಗೆದುಕೊಳ್ಳಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅನುಸೂಚಿಗಳು ಆರರಿಂದ ನಾಲ್ಕಕ್ಕೆ ಇಳಿದಿವೆ. ಅಂತರ್ಜಾಲದ ಬಹಳಷ್ಟು ಪುಟಗಳಲ್ಲಿ ಇನ್ನೂ ಹಳೆಯ ಅನುಸೂಚಿಯ ಸಂಖ್ಯೆಯೇ ಇದೆ. ರಾಜಪತ್ರದ ಪ್ರತಿ ನೋಡಿ. ಅಂತರರಾಷ್ಟ್ರೀಯ ವ್ಯಾಪಾರದ ಸೈಟ್ಸ್ ಒಪ್ಪಂದದಲ್ಲಿ ಎರಡೂ ಎರಡನೇ ಅನುಬಂಧದಲ್ಲಿವೆ.

ಖರ್ಚಿನ ಲೆಕ್ಕ: ಪುಟ ಓದುವುದು, ಪಿಡಿಎಫ್ ಇಳಿಸಿಕೊಳ್ಳುವುದು ಉಚಿತ. ಹುಡುಕಾಟದ ಫಲಿತಾಂಶವನ್ನು ಕೋಷ್ಟಕವಾಗಿ ಇಳಿಸಲು ಖಾತೆ ತೆರೆಯಬೇಕು, ಅದಕ್ಕೂ ಹಣವಿಲ್ಲ. ಆದರೆ ಬಳಕೆಯ ಷರತ್ತು ವಾಣಿಜ್ಯೇತರ ಕೆಲಸಕ್ಕೆ ಮಾತ್ರ. ಕಂಪನಿಗೆ ವರದಿ ಬರೆಯುವ ಸಲಹಾ ಸಂಸ್ಥೆಗಳು ಐಬ್ಯಾಟ್ ಎಂಬ ಹಣ ಕೊಟ್ಟು ಬಳಸುವ ಸೇವೆಯ ಮೂಲಕ ಹೋಗಬೇಕು. ಉಲ್ಲೇಖ ಬರೆಯುವಾಗ ಪುಟದಲ್ಲಿ ಸಿದ್ಧವಾಗಿರುವ ಸಾಲನ್ನೇ ನಕಲು ಮಾಡಿ. ಮೌಲ್ಯಮಾಪನ ಮಾಡಿದ ದಿನಾಂಕ ಬೇರೆ, ಪ್ರಕಟವಾದ ವರ್ಷ ಬೇರೆ, ಪಟ್ಟಿಯ ಆವೃತ್ತಿ ಬೇರೆ. ಜಿಐಎಸ್ ಎಂಬ ಗಣಕ ನಕ್ಷೆ ತಂತ್ರಾಂಶದಲ್ಲಿ ಬಳಸಲು ಹಕ್ಕಿಗಳ ನೆಲೆಯ ನಕ್ಷೆ ಕಡತ ಬೇಕಿದ್ದರೆ ಸಸ್ತನಿಗಳದ್ದು ಸಿಗುವ ಹಾಗೆ ಇಲ್ಲಿ ನೇರವಾಗಿ ಸಿಗುವುದಿಲ್ಲ. ಬರ್ಡ್‌ಲೈಫ್‌ಗೆ ಪ್ರತ್ಯೇಕ ಮನವಿ ಸಲ್ಲಿಸಿ, ಉದ್ದೇಶ ತಿಳಿಸಿ, ಅವರು ಕಳಿಸುವವರೆಗೆ ಕಾಯಬೇಕು. ಪ್ರಾಜೆಕ್ಟಿನ ಕೊನೆಯ ವಾರದಲ್ಲಿ ಕೇಳಿದರೆ ಆಗುವ ಕೆಲಸವಲ್ಲ, ಶುರುವಿನಲ್ಲೇ ಮನವಿ ಹಾಕಿಡಿ.